ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿಯಲ್ಲ: ದ್ವಿತೀಯ ಪಿಯು ಅಕೌಂಟೆನ್ಸಿ ಓದುವ ಬಗೆ

12 ಅಂಕದ ಲೆಕ್ಕ ಮುಗಿಸಿ, ಬ್ಯಾಲೆನ್ಸ್ ಶೀಟಿನ ಎರಡೂ ಬದಿಗೆ ಒಂದೇ ಮೊತ್ತ ಬಂತೆಂದರೆ ‘ಟ್ಯಾಲಿ ಆಯ್ತು’ ಎಂದು ಪೆನ್ನಿಗೆ ಕ್ಯಾಪ್ ಹಾಕಿಬಿಡುವುದು ರೂಢಿ. ಮೌಲ್ಯಮಾಪನವಾಗಿ ಬಂದಾಗ ಅದೇ ಲೆಕ್ಕಕ್ಕೆ ಏಳೋ ಎಂಟೋ ಅಂಕ ಬಿದ್ದಿರುತ್ತದೆ. ಉಳಿದವು ಎಲ್ಲಿ ಹೋದವು ಎಂದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಪಾಲುದಾರಿಕೆಯ ಲೆಕ್ಕದಲ್ಲಿ ಒಬ್ಬನ ಹಣವನ್ನು ಇನ್ನೊಬ್ಬನಿಗೆ ಬರೆದರೂ ಒಟ್ಟು ಮೊತ್ತ ಕದಲುವುದಿಲ್ಲ. ಹೆಚ್ಚಿನ ಅಂಕಗಳು ಸೋರಿಹೋಗುವುದು ಈ ಬಿರುಕಿನಲ್ಲೇ. ಆದ್ದರಿಂದ ಈ ಬರಹದಲ್ಲಿ ಯಾವ ಪಾಠ ಹೇಗೆ ಓದಬೇಕು ಎನ್ನುವುದರ ಜೊತೆಗೆ, ಟ್ಯಾಲಿ ಆದರೂ ತಪ್ಪಾಗಿರುವ ಜಾಗಗಳನ್ನು ಹುಡುಕುವುದು ಹೇಗೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲ ಪಿಯು ಎಷ್ಟು ನೆನಪಿದೆ?

ಜೂನ್‌ನಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಪುಸ್ತಕ ನೋಡದೆ ಈ ನಾಲ್ಕಕ್ಕೆ ಜರ್ನಲ್ ಎಂಟ್ರಿ ಬರೆಯಿರಿ: ಸಾಲದ ಮೇಲೆ ಯಂತ್ರ ಕೊಂಡದ್ದು, ಮಾಲೀಕ ಅಂಗಡಿಯ ಸರಕನ್ನು ಮನೆಗೆ ಒಯ್ದದ್ದು, ಬರಬೇಕಾದ ಸಾಲ ಮುಳುಗಿದ್ದು, ಹಾಗೆ ಮುಳುಗಿದ್ದ ಸಾಲ ಮುಂದಿನ ವರ್ಷ ವಾಪಸ್ ಬಂದದ್ದು. ನಾಲ್ಕನೆಯದರಲ್ಲಿ ಬಹಳ ಜನ ಸಾಲಗಾರನ ಖಾತೆಯನ್ನು ಕ್ರೆಡಿಟ್ ಮಾಡುತ್ತಾರೆ. ಆ ಖಾತೆ ಹೋದ ವರ್ಷವೇ ಮುಚ್ಚಿಹೋಗಿದೆ. ಕ್ರೆಡಿಟ್ ಆಗಬೇಕಾದ್ದು ‘ವಸೂಲಾದ ಮುಳುಗಿದ ಸಾಲ’ ಎಂಬ ಆದಾಯದ ಖಾತೆ. ನಾಲ್ಕರಲ್ಲಿ ಎರಡು ತಪ್ಪಿದರೂ ಹೊಸ ಪಾಠಕ್ಕೆ ಕೈ ಹಾಕುವ ಮೊದಲು ಒಂದು ವಾರ ಜರ್ನಲ್, ಲೆಡ್ಜರ್, ಸವಕಳಿ, ಡೌಟ್‌ಫುಲ್ ಡೆಟ್ಸ್ ಪ್ರಾವಿಷನ್ (ಬಾರದೇ ಹೋಗಬಹುದಾದ ಸಾಲಕ್ಕೆಂದು ತೆಗೆದಿಡುವ ಮೊತ್ತ) ಇಷ್ಟನ್ನು ತಿದ್ದಿಕೊಳ್ಳಿ. ಟ್ಯೂಷನ್ ಸೇರುವುದಕ್ಕಿಂತ ಈ ಒಂದು ವಾರದ ಲಾಭ ದೊಡ್ಡದು.

ಮಳವಳ್ಳಿ, ಕೆ.ಆರ್. ಪೇಟೆ, ಹೆಗ್ಗಡದೇವನಕೋಟೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಎಸೆಸೆಲ್ಸಿ ಮುಗಿಸಿ ಮಂಡ್ಯ, ಮೈಸೂರಿನ ಕಾಲೇಜಿಗೆ ಬರುವವರಿಗೆ ತೊಡಕಾಗುವುದು ಲೆಕ್ಕವಲ್ಲ, ಮಾತು. ಒಂದು ನೋಟ್‌ಬುಕ್ಕಿನ ಪುಟವನ್ನು ಎರಡು ಸೀಳು ಮಾಡಿ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ಅದರಲ್ಲೂ ಒಂದು ಜೋಡಿಯನ್ನು ಮೊದಲ ಪುಟದಲ್ಲೇ ಬರೆಯಿರಿ: ಯಂತ್ರದ ಬೆಲೆ ‘36,000 ರೂಪಾಯಿಗೆ’ ಇಳಿದರೆ ಹೊಸ ಬೆಲೆಯೇ 36,000, ‘36,000 ರೂಪಾಯಿಯಷ್ಟು’ ಇಳಿದರೆ ಕಳೆಯಬೇಕಾದ್ದು 36,000. ಇಂಗ್ಲಿಷಿನಲ್ಲಿ ಇದೇ ವ್ಯತ್ಯಾಸ ‘ಟು’ ಮತ್ತು ‘ಬೈ’ ಎಂಬ ಎರಡು ಸಣ್ಣ ಪದಗಳಲ್ಲಿ ಅಡಗಿರುತ್ತದೆ. ಅವಸರದಲ್ಲಿ ಓದಿದವರು ಮುಗ್ಗರಿಸುವುದು ಇಲ್ಲೇ.

ಪಾಲುದಾರಿಕೆ: ಮೊದಲು ಅನುಪಾತ, ಆಮೇಲೆ ಹಣ

ಪಾಲುದಾರಿಕೆ ಒಪ್ಪಂದಪತ್ರ ಇಲ್ಲದಿದ್ದರೆ ಅಥವಾ ಆ ವಿಷಯದಲ್ಲಿ ಪತ್ರ ಸುಮ್ಮನಿದ್ದರೆ 1932ರ ಪಾಲುದಾರಿಕೆ ಕಾಯಿದೆಯ ನಿಯಮ ನಡೆಯುತ್ತದೆ. ಲಾಭ ನಷ್ಟ ಸಮಪಾಲು. ಬಂಡವಾಳಕ್ಕೆ ಬಡ್ಡಿ ಇಲ್ಲ, ಡ್ರಾಯಿಂಗ್ಸ್‌ಗೆ (ಪಾಲುದಾರ ಸ್ವಂತಕ್ಕೆ ತೆಗೆದ ಹಣಕ್ಕೆ) ಬಡ್ಡಿ ಇಲ್ಲ, ಪಾಲುದಾರನಿಗೆ ಸಂಬಳ ಇಲ್ಲ. ಪಾಲುದಾರ ಸಂಸ್ಥೆಗೆ ಕೊಟ್ಟ ಸಾಲಕ್ಕೆ ಮಾತ್ರ ವರ್ಷಕ್ಕೆ ಶೇ. 6 ಬಡ್ಡಿ. ಒಂದು ಅಂಕದ ಪ್ರಶ್ನೆಗಳು ಇದರಿಂದ ಹುಟ್ಟುತ್ತಲೇ ಇರುತ್ತವೆ.

ಡ್ರಾಯಿಂಗ್ಸ್ ಬಡ್ಡಿಯಲ್ಲಿ ತಿಂಗಳ ಲೆಕ್ಕ ಬಾಯಿಪಾಠವಾಗುವ ಬದಲು ಅರ್ಥವಾಗಲಿ. ತಿಂಗಳಿಗೆ 2,000ದಂತೆ ವರ್ಷಪೂರ್ತಿ ತೆಗೆದರೆ ಒಟ್ಟು 24,000. ಪ್ರತಿ ತಿಂಗಳ ಮೊದಲ ದಿನ ತೆಗೆದಿದ್ದರೆ ಮೊದಲ ಕಂತು 12 ತಿಂಗಳು, ಕೊನೆಯ ಕಂತು 1 ತಿಂಗಳು ಹೊರಗಿರುತ್ತದೆ. ಸರಾಸರಿ ಆರೂವರೆ ತಿಂಗಳು. ಶೇ. 10ರಂತೆ ಬಡ್ಡಿ 1,300. ತಿಂಗಳ ಕೊನೆಗಾದರೆ ಐದೂವರೆ ತಿಂಗಳು, 1,100. ನಡುವಿನಲ್ಲಾದರೆ 6 ತಿಂಗಳು, 1,200. ಮೂರು ತಿಂಗಳಿಗೊಮ್ಮೆ ಎಂದಿದ್ದರೆ ಇದೇ ದಾರಿಯಲ್ಲಿ ಮೊದಲಿಗೆ ಏಳೂವರೆ, ಕೊನೆಗೆ ನಾಲ್ಕೂವರೆ ಬರುತ್ತದೆ. ಮೊದಲ ಮತ್ತು ಕೊನೆಯ ಕಂತಿನ ತಿಂಗಳುಗಳನ್ನು ಕೂಡಿ ಎರಡರಿಂದ ಭಾಗಿಸಿದರಾಯಿತು. ಪಟ್ಟಿಯನ್ನು ಉರು ಹೊಡೆಯಬೇಕಿಲ್ಲ.

ಇನ್ನು ಹೊಸ ಪಾಲುದಾರನ ಸೇರ್ಪಡೆ. ಇಡೀ ವರ್ಷದ ಪಠ್ಯದಲ್ಲಿ ಅತಿ ಹೆಚ್ಚು ಸಮಯ ಬೇಡುವ ಪಾಠ ಇದು, ಕೊಡಲೂ ಬೇಕು. ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ.

ಮಂಡ್ಯದಲ್ಲಿ ನಂಜುಂಡ, ಚೆಲುವ ಇಬ್ಬರದೂ ಒಂದು ಬೆಲ್ಲದ ಮಂಡಿ ಎಂದಿಟ್ಟುಕೊಳ್ಳಿ. ಲಾಭ ಹಂಚಿಕೆ 3:2. 2025ರ ಮಾರ್ಚ್ 31ಕ್ಕೆ ಸಂಸ್ಥೆ ಕೊಡಬೇಕಾದ ಸಾಲ 40,000, ಜನರಲ್ ರಿಸರ್ವ್ (ಹಿಂದಿನ ಲಾಭದಲ್ಲಿ ಹಂಚದೆ ಉಳಿಸಿದ್ದು) 20,000, ನಂಜುಂಡನ ಬಂಡವಾಳ 90,000, ಚೆಲುವನದು 60,000. ಆಸ್ತಿ ಬದಿಯಲ್ಲಿ ನಗದು 20,000, ಬರಬೇಕಾದ ಸಾಲ 42,000, ಅದರಲ್ಲಿ ಪ್ರಾವಿಷನ್ 2,000 ಕಳೆದು 40,000, ದಾಸ್ತಾನು 50,000, ಯಂತ್ರ 40,000, ಕಟ್ಟಡ 60,000. ಎರಡೂ ಬದಿ 2,10,000.

ಏಪ್ರಿಲ್ 1ರಂದು ಮಾದೇಶ ಐದನೇ ಒಂದು ಪಾಲಿಗೆ ಸೇರುತ್ತಾನೆ. ಬಂಡವಾಳ 50,000, ಗುಡ್‌ವಿಲ್ ಪ್ರೀಮಿಯಂ (ಮಂಡಿ ಗಳಿಸಿದ ಹೆಸರಿನಲ್ಲಿ ತನ್ನ ಪಾಲಿಗೆ ಕೊಡುವ ಬೆಲೆ) 20,000 ನಗದಾಗಿ ತರುತ್ತಾನೆ. ಪ್ರೀಮಿಯಂ ಹಣ ವ್ಯಾಪಾರದಲ್ಲೇ ಉಳಿಯುತ್ತದೆ. ದಾಸ್ತಾನು ಮತ್ತು ಯಂತ್ರದ ಬೆಲೆ ತಲಾ ಶೇ. 10 ಇಳಿಕೆ, ಕಟ್ಟಡದ ಬೆಲೆ ಶೇ. 20 ಏರಿಕೆ, ಪ್ರಾವಿಷನ್ ಅನ್ನು ಬರಬೇಕಾದ ಸಾಲದ ಶೇ. 10ಕ್ಕೆ ಏರಿಸಬೇಕು.

ಮೊದಲ ಹೆಜ್ಜೆ, ಹಣ ಮುಟ್ಟದೆ ಅನುಪಾತ ಮಾತ್ರ. ಮಾದೇಶನಿಗೆ ಐದನೇ ಒಂದು ಕೊಟ್ಟ ಮೇಲೆ ಉಳಿಯುವುದು ಐದನೇ ನಾಲ್ಕು. ಅದರ 3/5 ನಂಜುಂಡನಿಗೆ, ಅಂದರೆ 12/25, 2/5 ಚೆಲುವನಿಗೆ, 8/25, ಮಾದೇಶನದು 5/25. ಹೊಸ ಅನುಪಾತ 12:8:5. ಯಾರು ಎಷ್ಟು ಬಿಟ್ಟುಕೊಟ್ಟರು ಎಂದು ಬೇರೆ ಹೇಳಿಲ್ಲವಾದ್ದರಿಂದ ತ್ಯಾಗದ ಅನುಪಾತ ಹಳೆಯ 3:2 ಆಗಿಯೇ ಉಳಿಯುತ್ತದೆ. ಪ್ರಶ್ನೆಯಲ್ಲಿ ‘ನಂಜುಂಡನಿಂದ 3/20, ಚೆಲುವನಿಂದ 1/20’ ಎಂದಿದ್ದಿದ್ದರೆ ತ್ಯಾಗ 3:1, ಹೊಸ ಅನುಪಾತ 9:7:4 ಆಗುತ್ತಿತ್ತು. ಆಗ 20,000 ಪ್ರೀಮಿಯಂ 12,000–8,000 ಆಗದೆ 15,000–5,000 ಎಂದು ಹಂಚಿಕೆಯಾಗುತ್ತಿತ್ತು. ಹಳೆಯದು, ಹೊಸದು, ತ್ಯಾಗದ್ದು ಈ ಮೂರೂ ಅನುಪಾತಗಳನ್ನು ಉತ್ತರಪತ್ರಿಕೆಯ ಬಲ ಮೂಲೆಯಲ್ಲಿ ಚೌಕದೊಳಗೆ ಬರೆದಿಟ್ಟು ಆಮೇಲೆ ಮುಂದೆ ಹೋಗಿ.

ಎರಡನೆಯದು ರೀವ್ಯಾಲ್ಯುಯೇಶನ್ ಖಾತೆ, ಆಸ್ತಿಗಳ ಬೆಲೆ ಏರಿಳಿದದ್ದನ್ನು ಬರೆಯುವ ಜಾಗ. ಡೆಬಿಟ್ ಬದಿಗೆ ದಾಸ್ತಾನು 5,000, ಯಂತ್ರ 4,000, ಪ್ರಾವಿಷನ್ ಹೆಚ್ಚಳ 2,200. ಕ್ರೆಡಿಟ್ ಬದಿಗೆ ಕಟ್ಟಡ 12,000. ಲಾಭ 800, ಹಳೆಯ ಅನುಪಾತದಲ್ಲಿ ನಂಜುಂಡನಿಗೆ 480, ಚೆಲುವನಿಗೆ 320. ಪ್ರಾವಿಷನ್ 2,200 ಹೇಗೆ ಬಂತು ಎಂಬುದನ್ನು ಗಮನಿಸಿ: 42,000ದ ಶೇ. 10 ಎಂದರೆ 4,200, ಈಗಾಗಲೇ 2,000 ಇದೆ, ಸೇರಬೇಕಾದ್ದು 2,200. ಇದನ್ನು 40,000ದ ಮೇಲೆ ಲೆಕ್ಕ ಹಾಕಿದವರಿಗೆ 2,000 ಬರುತ್ತದೆ, ಲಾಭ 1,000 ಆಗುತ್ತದೆ, ಬ್ಯಾಲೆನ್ಸ್ ಶೀಟ್ 2,81,000ಕ್ಕೆ ಚೆಂದವಾಗಿ ಟ್ಯಾಲಿಯೂ ಆಗುತ್ತದೆ. ಉತ್ತರ ಮಾತ್ರ ತಪ್ಪು.

ಮೂರನೆಯದು ಬಂಡವಾಳ ಖಾತೆಗಳು. ನಂಜುಂಡ: 90,000ಕ್ಕೆ ರಿಸರ್ವ್ 12,000, ಪ್ರೀಮಿಯಂ 12,000, ರೀವ್ಯಾಲ್ಯುಯೇಶನ್ 480 ಸೇರಿ 1,14,480. ಚೆಲುವ: 60,000ಕ್ಕೆ 8,000, 8,000, 320 ಸೇರಿ 76,320. ಮಾದೇಶ 50,000. ಹಳೆಯ ಬ್ಯಾಲೆನ್ಸ್ ಶೀಟಿನಲ್ಲೇ ಗುಡ್‌ವಿಲ್ ಇದ್ದರೆ ಅದನ್ನು ಮೊದಲು ಹಳೆಯ ಪಾಲುದಾರರ ಬಂಡವಾಳಕ್ಕೆ ಹಳೆಯ ಅನುಪಾತದಲ್ಲಿ ಡೆಬಿಟ್ ಮಾಡಿ ಅಳಿಸಬೇಕು. ಹಣ ಕೊಟ್ಟು ಕೊಂಡದ್ದಲ್ಲದ ಗುಡ್‌ವಿಲ್‌ಗೆ ಪುಸ್ತಕದಲ್ಲಿ ಜಾಗವಿಲ್ಲ ಎನ್ನುತ್ತದೆ ಲೆಕ್ಕಪತ್ರ ಮಾನದಂಡ 26.

ಕೊನೆಗೆ ಬ್ಯಾಲೆನ್ಸ್ ಶೀಟ್. ನಗದು 90,000, ಬರಬೇಕಾದ ಸಾಲ 37,800, ದಾಸ್ತಾನು 45,000, ಯಂತ್ರ 36,000, ಕಟ್ಟಡ 72,000; ಒಟ್ಟು 2,80,800. ಆ ಕಡೆ ಮೂವರ ಬಂಡವಾಳ 2,40,800, ಕೊಡಬೇಕಾದ ಸಾಲ 40,000. ಸರಿಹೋಯಿತು.

ಈಗ ಒಂದು ಪ್ರಯೋಗ. ರಿಸರ್ವ್ 20,000ವನ್ನು ಬೇಕೆಂದೇ ಹೊಸ ಅನುಪಾತದಲ್ಲಿ ಮೂವರಿಗೂ ಹಂಚಿ: 9,600, 6,400, 4,000. ಒಟ್ಟು ಮೊತ್ತ ಅದೇ 2,80,800! ಮಂಡಿಯ ಬಾಗಿಲು ನಿನ್ನೆ ಹೊಕ್ಕ ಮಾದೇಶನಿಗೆ ಹಿಂದಿನ ವರ್ಷಗಳ ದುಡಿಮೆಯ 4,000 ಸಿಕ್ಕಿತು, ಬ್ಯಾಲೆನ್ಸ್ ಶೀಟ್ ಚಕಾರ ಎತ್ತಲಿಲ್ಲ. ಹಾಗಾಗಿ ಟ್ಯಾಲಿ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಹಣ ಹುಟ್ಟಿದ್ದು ಮಾದೇಶ ಬರುವ ಮುಂಚೆಯೋ, ಬಂದ ಮೇಲೋ? ಮುಂಚೆಯದಾದರೆ ಹಳೆಯ ಅನುಪಾತ, ಹಳಬರಿಗೆ ಮಾತ್ರ. ಅವನು ತಂದ ಪ್ರೀಮಿಯಂ ಬಿಟ್ಟುಕೊಟ್ಟವರಿಗೆ, ತ್ಯಾಗದ ಅನುಪಾತದಲ್ಲಿ. ಮುಂದಿನ ಲಾಭಕ್ಕೆ ಹೊಸ ಅನುಪಾತ. ಪ್ರತಿ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ‘ಹ’, ‘ತ್ಯಾ’, ‘ಹೊ’ ಎಂದು ಗುರುತು ಹಾಕುವ ಅಭ್ಯಾಸ ಮಾಡಿಕೊಂಡರೆ ಈ ತಪ್ಪು ಹತ್ತಿರ ಸುಳಿಯುವುದಿಲ್ಲ.

ನಿವೃತ್ತಿಯೂ ಇದರ ತಿರುಗುಮುರುಗು ಅಷ್ಟೆ. ಹೋಗುವವನ ಪಾಲನ್ನು ಉಳಿದವರು ಪಡೆಯುತ್ತಾರೆ, ಆದ್ದರಿಂದ ಹೊಸ ಪಾಲಿನಲ್ಲಿ ಹಳೆಯದನ್ನು ಕಳೆದು ಗಳಿಕೆಯ ಅನುಪಾತ ತೆಗೆಯಬೇಕು. ಗುಡ್‌ವಿಲ್‌ನಲ್ಲಿ ಹೋಗುವವನ ಪಾಲಿಗೆ ಪಡೆದವರ ಬಂಡವಾಳ ಡೆಬಿಟ್, ಹೋದವನದು ಕ್ರೆಡಿಟ್. ತ್ಯಾಗಕ್ಕೂ ಗಳಿಕೆಗೂ ಸೂತ್ರ ಅದಲುಬದಲಾದರೆ ಉತ್ತರದಲ್ಲಿ ಮೈನಸ್ ಬರುತ್ತದೆ, ಅದನ್ನೇ ಎಚ್ಚರಿಕೆಯ ಗಂಟೆ ಎಂದುಕೊಳ್ಳಿ. ಮರಣದ ಲೆಕ್ಕದಲ್ಲಿ ಮೊದಲು ತಿಂಗಳು ಎಣಿಸಿ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದು, ಪಾಲುದಾರ ಜೂನ್ 30ರಂದು ತೀರಿಕೊಂಡರೆ 3 ತಿಂಗಳು. ಹಿಂದಿನ ವರ್ಷದ ಲಾಭ 60,000, ಅವನ ಪಾಲು 2/5 ಆದರೆ ಅವನಿಗೆ ಸಲ್ಲಬೇಕಾದ ಲಾಭ 6,000. ಡೆಬಿಟ್ ಆಗುವುದು ಪ್ರಾಫಿಟ್ ಆಂಡ್ ಲಾಸ್ ಸಸ್ಪೆನ್ಸ್ ಖಾತೆ. ಕೆಲವು ಪ್ರಶ್ನೆಗಳಲ್ಲಿ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಲ್ಲಿ ಅದೇ ಜೂನ್ 30 ಎಂದರೆ 6 ತಿಂಗಳು, ಮೊತ್ತ 12,000.

ವಿಸರ್ಜನೆ

ಸಂಸ್ಥೆಯನ್ನೇ ಮುಚ್ಚುವ ಈ ಪಾಠದಲ್ಲಿ ಸೂತ್ರ ಕಡಿಮೆ, ಯಾವುದು ಯಾವ ಖಾತೆಗೆ ಎನ್ನುವ ವಿವೇಕ ಜಾಸ್ತಿ. ಆಸ್ತಿ ಮಾರಿ ಸಾಲ ತೀರಿಸಿದ್ದನ್ನು ಬರೆಯುವ ರಿಯಲೈಸೇಶನ್ ಖಾತೆಗೆ ನಗದು ಮತ್ತು ಬ್ಯಾಂಕ್ ಹೋಗುವುದಿಲ್ಲ. ಬರಬೇಕಾದ ಸಾಲ ಪೂರ್ತಿ ಮೊತ್ತದಲ್ಲಿ ಡೆಬಿಟ್ ಬದಿಗೆ, ಅದರ ಪ್ರಾವಿಷನ್ ಕ್ರೆಡಿಟ್ ಬದಿಗೆ. ಪಾಲುದಾರನ ಹೆಂಡತಿ ಕೊಟ್ಟ ಸಾಲ ಹೊರಗಿನವರ ಸಾಲದಂತೆ ರಿಯಲೈಸೇಶನ್‌ಗೆ ಹೋಗುತ್ತದೆ. ಪಾಲುದಾರನೇ ಕೊಟ್ಟ ಸಾಲಕ್ಕೆ ಬೇರೆ ಖಾತೆ, ಬೇರೆ ಪಾವತಿ. ರಿಸರ್ವ್ ನೇರವಾಗಿ ಬಂಡವಾಳಕ್ಕೆ. ಸಂಸ್ಥೆಗೆ ಸಾಲ ಕೊಟ್ಟವರೇ ಒಂದು ಆಸ್ತಿಯನ್ನು ತಮ್ಮ ಸಾಲಕ್ಕೆ ಪೂರ್ತಿಯಾಗಿ ಒಪ್ಪಿಕೊಂಡು ತೆಗೆದುಕೊಂಡರೆ ಎಂಟ್ರಿಯೇ ಬೇಡ. ಬರೆದವರು ತಪ್ಪು ಮಾಡಿದಂತೆ.

ಮಂಡಿಯಿಂದ ಕಂಪನಿಗೆ

ಬೆಲ್ಲದ ಮಂಡಿ ಪಾಲುದಾರಿಕೆಯಲ್ಲಿ ನಡೆಯಬಹುದು. 1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಂಥದ್ದಕ್ಕೆ ಷೇರು ಬಂಡವಾಳವೇ ಬೇಕು. ಷೇರಿನ ಪಾಠದಲ್ಲಿ ಅರ್ಜಿ, ಅಲಾಟ್‌ಮೆಂಟ್, ಕಾಲ್ (ಉಳಿದ ಕಂತಿಗೆ ಕೊಡುವ ಕರೆ) ಎಂಟ್ರಿಗಳು ಹತ್ತು ಸಲ ಬರೆದರೆ ಕೈಗೆ ಹತ್ತುತ್ತವೆ. ಒಂದೊಂದು ಹಂತಕ್ಕೂ ಎರಡು ಎಂಟ್ರಿ, ಹಣ ಬಾಕಿ ಆದದ್ದಕ್ಕೊಂದು, ಬಂದದ್ದಕ್ಕೊಂದು. ಅರ್ಜಿಯಲ್ಲಿ ಮಾತ್ರ ಹಣ ಮೊದಲು ಬರುತ್ತದೆ.

ತೊಡಕು ಇರುವುದು ಮುಟ್ಟುಗೋಲಿನಲ್ಲಿ, ಅಂದರೆ ಕಂತು ಕಟ್ಟದವರ ಷೇರನ್ನು ಕಂಪನಿ ಕಿತ್ತುಕೊಳ್ಳುವಲ್ಲಿ. 10 ರೂಪಾಯಿಯ 100 ಷೇರು, ಕೊನೆಯ ಕಾಲ್ 3 ರೂಪಾಯಿ ಬರಲಿಲ್ಲ. ಷೇರು ಬಂಡವಾಳ 1,000 ಡೆಬಿಟ್. ಫೈನಲ್ ಕಾಲ್ 300, ಷೇರು ಮುಟ್ಟುಗೋಲು ಖಾತೆ 700 ಕ್ರೆಡಿಟ್. ಇವುಗಳಲ್ಲಿ 60 ಷೇರನ್ನು 8 ರೂಪಾಯಿಗೆ ಪೂರ್ತಿ ಪಾವತಿಯಾದದ್ದೆಂದು ಮತ್ತೆ ಮಾರಿದರೆ ಬ್ಯಾಂಕ್ 480, ಮುಟ್ಟುಗೋಲು 120 ಡೆಬಿಟ್, ಷೇರು ಬಂಡವಾಳ 600 ಕ್ರೆಡಿಟ್. ಕ್ಯಾಪಿಟಲ್ ರಿಸರ್ವ್‌ಗೆ ಎಷ್ಟು? ಬಹಳ ಜನ 700ರಿಂದ 120 ಕಳೆದು 580 ಬರೆಯುತ್ತಾರೆ. ಮಾರಾಟವಾದದ್ದು 60 ಮಾತ್ರ. ಅವುಗಳ ಪಾಲಿನ ಮುಟ್ಟುಗೋಲು 420, ಅದರಲ್ಲಿ 120 ಹೋಗಿ 300. ಉಳಿದ 40 ಷೇರಿನ 280 ಮುಟ್ಟುಗೋಲು ಖಾತೆಯಲ್ಲೇ ಕಾಯುತ್ತಿರಬೇಕು. ಪ್ರೀಮಿಯಂ ಇರುವ ಷೇರಾದರೆ ಇನ್ನೊಂದು ಎಚ್ಚರ: ಪ್ರೀಮಿಯಂ ಹಣ ಬಂದಿದ್ದರೆ ಅದನ್ನು ಮುಟ್ಟಬಾರದು, ಬಾರದಿದ್ದರೆ ಮಾತ್ರ ಸೆಕ್ಯೂರಿಟೀಸ್ ಪ್ರೀಮಿಯಂ ಡೆಬಿಟ್ ಮಾಡಬೇಕು.

ಕಂಪನಿಯ ಬ್ಯಾಲೆನ್ಸ್ ಶೀಟಿಗೆ 2013ರ ಕಂಪನಿ ಕಾಯಿದೆಯ 3ನೇ ಷೆಡ್ಯೂಲ್ ನಮೂನೆ. ಪಠ್ಯದಲ್ಲಿ ಮೊದಲು ಈಕ್ವಿಟಿ ಮತ್ತು ಹೊಣೆಗಳು, ಕೆಳಗೆ ಆಸ್ತಿಗಳು. ನಿಜವಾದ ವಾರ್ಷಿಕ ವರದಿ ನೋಡುವ ಕುತೂಹಲವಿದ್ದರೆ ಮೈಸೂರಿನದೇ ಆಟೋಮೋಟಿವ್ ಆಕ್ಸಲ್ಸ್, ಇಲ್ಲಿ ಕಾರ್ಖಾನೆ ಇರುವ ಬೆಮೆಲ್ ಎರಡೂ ಷೇರುಪೇಟೆಯಲ್ಲಿರುವ ಕಂಪನಿಗಳು, ವರದಿಗಳು ಎಲ್ಲರಿಗೂ ಸಿಗುತ್ತವೆ. ಆದರೆ ಅವು ಬೇರೆ ಮಾನದಂಡ ಅನುಸರಿಸುವುದರಿಂದ ಅಲ್ಲಿ ಆಸ್ತಿಗಳೇ ಮೇಲಿರುತ್ತವೆ. ನೋಡಿ ಅರ್ಥಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಪಠ್ಯದ ಕ್ರಮವನ್ನೇ ಬರೆಯಿರಿ.

ಡಿಬೆಂಚರ್ (ಕಂಪನಿ ಎತ್ತುವ ಸಾಲದ ಪತ್ರ) ಪಾಠ ಷೇರು ಗಟ್ಟಿಯಾದವರಿಗೆ ಎರಡು ದಿನದ ಕೆಲಸ. ಅನುಪಾತಗಳಲ್ಲಿ ಸೂತ್ರಕ್ಕಿಂತ ‘ಏರುತ್ತದೋ ಇಳಿಯುತ್ತದೋ’ ಪ್ರಶ್ನೆ ಕಾಡುತ್ತದೆ. ಅದಕ್ಕೆ ಅಂಕಿ ಹಾಕಿ ನೋಡುವುದೇ ಮದ್ದು. ಕರೆಂಟ್ ರೇಶಿಯೋ (ಚಾಲ್ತಿ ಆಸ್ತಿಗೂ ಚಾಲ್ತಿ ಹೊಣೆಗೂ ಇರುವ ಅನುಪಾತ) 2:1 ಇರುವಾಗ ಸಾಲ ತೀರಿಸಿದರೆ? 2,00,000ಕ್ಕೆ 1,00,000 ಎಂದುಕೊಂಡು 50,000 ತೀರಿಸಿ: 1,50,000ಕ್ಕೆ 50,000, ಅಂದರೆ 3:1. ಏರಿತು.

ನಗದು ಬಂದುಹೋದದ್ದನ್ನು ತೋರಿಸುವ ಕ್ಯಾಶ್ ಫ್ಲೋದಲ್ಲಿ ಪ್ಲಸ್ ಮೈನಸ್ ತಪ್ಪುವುದೇ ದೊಡ್ಡ ಕಾಟ. ಸವಕಳಿ ನಗದು ಖರ್ಚಲ್ಲ, ಲಾಭದಲ್ಲಿ ಮೊದಲೇ ಕಳೆದಿದೆ, ಆದ್ದರಿಂದ ಮರಳಿ ಕೂಡಿಸಬೇಕು. ಪುಸ್ತಕದ ಬೆಲೆ 30,000 ಇದ್ದ ಯಂತ್ರ 34,000ಕ್ಕೆ ಹೋದರೆ 4,000 ಲಾಭವನ್ನು ಆಪರೇಟಿಂಗ್‌ನಲ್ಲಿ ಕಳೆದು, ಪೂರ್ತಿ 34,000ವನ್ನು ಇನ್ವೆಸ್ಟಿಂಗ್‌ಗೆ ಹಾಕಬೇಕು. 4,000 ಕಳೆಯಲು ಮರೆತರೆ ಅದು ಎರಡು ಸಲ ಎಣಿಕೆಯಾಗುತ್ತದೆ. ಕೊಂಡ ಯಂತ್ರದ ಮೊತ್ತ ಕೊಟ್ಟಿರದಿದ್ದರೆ ಯಂತ್ರದ ಖಾತೆ ಬರೆದು ಹುಡುಕಿ. ಆರಂಭ 1,00,000, ಕೊನೆ 1,20,000, ಸವಕಳಿ 15,000, ಮಾರಿದ್ದು 30,000 ಆದರೆ ಕೊಂಡದ್ದು 65,000.

ಅಭ್ಯಾಸದ ಲೆಕ್ಕಾಚಾರ

ಅಕೌಂಟೆನ್ಸಿಯನ್ನು ಕಣ್ಣಲ್ಲಿ ಓದಿ ಕಲಿತವರಿಲ್ಲ. ಬಿಡಿಸಿದ ಲೆಕ್ಕ ನೋಡುವಾಗ ಎಲ್ಲವೂ ಗೊತ್ತಿದ್ದಂತೆಯೇ ಅನಿಸುತ್ತದೆ. ಪುಸ್ತಕ ಮುಚ್ಚಿದಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಮದ್ದೂರು, ಪಾಂಡವಪುರದಿಂದ ದಿನಾ ಬಸ್ಸು ಹತ್ತುವವರು ಬಸ್ಸಿನ ಹೊತ್ತನ್ನು ಒಂದು ಅಂಕದ ಪ್ರಶ್ನೆ ಮತ್ತು ಎಂಟ್ರಿಗಳನ್ನು ಬಾಯಲ್ಲಿ ಹೇಳಿಕೊಳ್ಳಲು ಬಳಸಿ, ದೊಡ್ಡ ಲೆಕ್ಕವನ್ನು ಮನೆಯಲ್ಲಿ ಕೂತು ಮಾಡಿ. ದಿನಕ್ಕೆ ಒಂದು ದೊಡ್ಡ ಲೆಕ್ಕ ಸಾಕು, ಆದರೆ ಗಡಿಯಾರ ಇಟ್ಟು 25 ನಿಮಿಷದಲ್ಲಿ. ತಪ್ಪಿದ ಲೆಕ್ಕವನ್ನು ಅಂದೇ ತಿದ್ದಿ, ಏಳು ದಿನ ಬಿಟ್ಟು ಹೊಸದಾಗಿ ಮತ್ತೆ ಮಾಡಿ. ತಪ್ಪಿಗೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ‘ಲೆಕ್ಕ ತಪ್ಪಾಯ್ತು’ ಎಂದಲ್ಲ, ‘ಪ್ರಾವಿಷನ್ ಅನ್ನು ನಿವ್ವಳ ಮೊತ್ತದ ಮೇಲೆ ಹಾಕಿದೆ’ ಎಂದು ಬರೆದಿಡಿ. ಡಿಸೆಂಬರ್ ಹೊತ್ತಿಗೆ ಅದೇ ನಾಲ್ಕೈದು ತಪ್ಪು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ.

ಪರೀಕ್ಷಾ ಮಂಡಳಿ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆ ಮತ್ತು ನೀಲನಕ್ಷೆಯನ್ನು ಆ ವರ್ಷದ್ದೇ ನೋಡಿ. ಅಂಗಡಿಯಲ್ಲಿ ಸಿಗುವ ಹಳೆಯ ಗೈಡಿನಲ್ಲಿ ಅಂಕಗಳ ಹಂಚಿಕೆ ಹಳೆಯದಿರಬಹುದು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ದೊಡ್ಡ ಲೆಕ್ಕಗಳ ಕೊನೆಯ ಹೊಂದಾಣಿಕೆಗಳನ್ನು ಮಾತ್ರ ಓದಿ. ಯಾವುದು ಸಲೀಸು, ಯಾವುದರಲ್ಲಿ ಕೊಕ್ಕೆ ಇದೆ ಎಂದು ಅಲ್ಲೇ ಗೊತ್ತಾಗುತ್ತದೆ. ವರ್ಕಿಂಗ್ ನೋಟ್ಸ್ ಅನ್ನು ರಫ್ ಹಾಳೆಯಲ್ಲಿ ಬಿಡದೆ ಉತ್ತರದ ಕೆಳಗೇ ಬರೆಯಿರಿ, ಹಂತಹಂತಕ್ಕೂ ಅಂಕವಿರುತ್ತದೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದಿದ್ದರೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. ಆ ಮೊತ್ತ ಲೆಕ್ಕದಲ್ಲಿ ಎಲ್ಲಾದರೂ ಇದ್ದರೆ ಅದು ತಪ್ಪು ಬದಿಗೆ ಕೂತಿರುವ ಸಾಧ್ಯತೆ ಹೆಚ್ಚು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ 54 ಬರೆಯುವಲ್ಲಿ 45 ಬರೆದಿದ್ದೀರಾ ಎಂದು ನೋಡಿ. ಎರಡು ನಿಮಿಷದಲ್ಲಿ ಸಿಗದಿದ್ದರೆ ಎರಡೂ ಬದಿಯ ಮೊತ್ತ ಬಂದಂತೆಯೇ ಬರೆದು, ಅರ್ಧ ಪುಟ ಖಾಲಿ ಬಿಟ್ಟು, ಮುಂದಿನ ಪ್ರಶ್ನೆಗೆ ಹೋಗಿ.